ಬಡವರ ಒಲೆಯಿಂದ ಸೃಷ್ಟಿಪಾಲನೆ: ಕರಾವಳಿಯ ಧರ್ಮಕೇಂದ್ರವೊಂದು ಇಂಧನದ ಕೆಲಸ ಕೈಗೊಳ್ಳುವ ಬಗೆ

ಪರಿಸರ ಕಾಳಜಿಯ ವಿಷಯ ಚರ್ಚಿನ ಸಭೆಯಲ್ಲಿ ಎದ್ದಾಗ ಮೊದಲು ಬರುವ ಸಲಹೆ ಸಸಿ ನೆಡುವುದು, ಎರಡನೆಯದು ಸಭಾಭವನದ ಮೇಲೆ ಸೌರ ಫಲಕ ಕೂರಿಸುವುದು. ಎರಡನ್ನೂ ಮಾಡಬೇಕು. ಆದರೆ ಅವೆರಡಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ ಎಂದು ನಾನು ನಂಬಿದ್ದೇನೆ: ನಮ್ಮ ಧರ್ಮಕೇಂದ್ರದ, ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿಗಳ, ವ್ಯಾಪ್ತಿಯಲ್ಲಿರುವ ಅತ್ಯಂತ ಬಡ ಮನೆಯ ಅಡುಗೆಕೋಣೆಯಲ್ಲಿ ಕುಳಿತು, ಆ ಮನೆ ಬೆಂಕಿಗೂ ಬೆಳಕಿಗೂ ತಿಂಗಳಿಗೆ ಎಷ್ಟು ಹಣ, ಎಷ್ಟು ಹೊತ್ತು, ಎಷ್ಟು ಉಸಿರು ತೆರುತ್ತಿದೆ ಎಂಬುದನ್ನು ತಿಳಿದುಕೊಳ್ಳುವುದು. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಹಾಗೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಹಳಿಯಾಳದ ಕಡೆಯ ಚರ್ಚುಗಳ ಪಾಲನಾ ಸಮಿತಿಗಳು, ಮಹಿಳಾ ಸಂಘಟನೆಗಳು ಮತ್ತು ಯುವಕರು ಈ ಕೆಲಸವನ್ನು ಒಂದು ವರ್ಷದ ಅವಧಿಯಲ್ಲಿ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು ಸಮಿತಿಯವರು ಒಂದು ಸಂಜೆ ಕುಳಿತು ಧರ್ಮಗ್ರಂಥದ ಕೆಲವು ಭಾಗಗಳನ್ನು ಓದಬೇಕು. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ಕೃಷಿ ಮಾಡುವುದಕ್ಕೂ ಕಾಯುವುದಕ್ಕೂ ಎಂದಿದೆ. ಕೃಷಿ ಮತ್ತು ಕಾವಲು ಎರಡೂ ಒಂದೇ ವಾಕ್ಯದಲ್ಲಿ ಬಂದಿರುವುದನ್ನು ಗಮನಿಸಬೇಕು. 24ನೆಯ ಕೀರ್ತನೆ ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದೆಂದು ಹೇಳುತ್ತದೆ. ಇವೆರಡನ್ನೂ ಎಲ್ಲರೂ ಬಲ್ಲರು. ಅಷ್ಟಾಗಿ ಯಾರೂ ಓದದ ಒಂದು ಸಾಲು ಪ್ರಲಾಪಗಳ 5ನೆಯ ಅಧ್ಯಾಯದಲ್ಲಿದೆ: ಸೋತು ಹೋದ ಜನ ತಮ್ಮ ನೀರನ್ನೇ ಹಣ ಕೊಟ್ಟು ಕುಡಿಯಬೇಕಾಗಿದೆ, ತಮ್ಮ ಕಟ್ಟಿಗೆಯನ್ನೇ ಕ್ರಯಕ್ಕೆ ಪಡೆಯಬೇಕಾಗಿದೆ ಎಂದು ದೇವರೆದುರು ಗೋಳಿಡುತ್ತಾರೆ. ಇಂಧನದ ಬೆಲೆ ಬಡವರ ಪ್ರಾರ್ಥನೆಯಲ್ಲಿ ಬರತಕ್ಕ ವಿಷಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಪ್ರವಾದಿ ಎಲೀಯನು ಸರೆಪ್ತದ ಊರಬಾಗಿಲಲ್ಲಿ ಕಂಡ ವಿಧವೆಯೂ ಕಟ್ಟಿಗೆ ಆಯುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಹಿಡಿ ಹಿಟ್ಟನ್ನು ಬೇಯಿಸಲು ಆಕೆಗೆ ಬೇಕಾಗಿದ್ದುದು ಎರಡು ಕಡ್ಡಿ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ರಾತ್ರಿಯಿಡೀ ದುಡಿದು ಬಂದ ಮೀನುಗಾರರಿಗಾಗಿ ಯೇಸುಸ್ವಾಮಿ ಕೆಂಡದ ಮೇಲೆ ಮೀನು ಸುಟ್ಟು ಕಾದಿದ್ದರೆಂದು ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯ ಹೇಳುತ್ತದೆ. ಕಾರವಾರದ ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಬೆಳಗಿನ ಜಾವ ನಿಂತವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಕ್ರೈಸ್ತರೆಲ್ಲರೂ ಒಂದೇ ಅಭಿಪ್ರಾಯದವರಲ್ಲ ಎಂಬುದನ್ನೂ ಸಮಿತಿ ತಿಳಿದಿರಬೇಕು. ಅಂದಿನ ಪೋಪ್, ವಿಶ್ವಗುರು ಫ್ರಾನ್ಸಿಸರ ವಿಶ್ವಪರಿಪತ್ರ 'ಲೌದಾತೊ ಸಿ' 2015ರಲ್ಲಿ ಹೊರಬಂದಿತು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂಬುದು ಅದರ ತಿರುಳು. ಅದಕ್ಕೂ ಮೊದಲು ಅಮೆರಿಕದಲ್ಲಿ 2000ದ ಕಾರ್ನ್‌ವಾಲ್ ಘೋಷಣೆಗೆ ಸಹಿ ಹಾಕಿದವರು, ಮನುಷ್ಯನ ದುಡಿಮೆ ಮತ್ತು ಮಾರುಕಟ್ಟೆಯ ಸ್ವಾತಂತ್ರ್ಯದಿಂದಲೇ ಭೂಮಿಯ ಪಾಲನೆಯೂ ಬಡತನದ ನಿವಾರಣೆಯೂ ಸಾಧ್ಯವೆಂದು ವಾದಿಸಿದ್ದರು. ಆ ಧಾರೆಯವರು ಮುಂದೆ, ಹವಾಮಾನದ ಹೆಸರಿನಲ್ಲಿ ಇಂಧನ ದುಬಾರಿಯಾದರೆ ಮೊದಲು ಪೆಟ್ಟು ತಿನ್ನುವವರು ಬಡವರೇ ಎಂದು ಒತ್ತಿ ಹೇಳುತ್ತ ಬಂದರು. 2006ರಲ್ಲಿ ಅದೇ ದೇಶದ ಹಲವು ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟ್ ನಾಯಕರು, ಹವಾಮಾನ ಬದಲಾವಣೆಯ ಹೊಡೆತವೇ ಬಡವರ ಮೇಲೆ ಹೆಚ್ಚು ಬೀಳುವುದರಿಂದ ಕಾರ್ಯೋನ್ಮುಖರಾಗಬೇಕೆಂದು ಕರೆ ಕೊಟ್ಟರು. ಕಡಲು ಮುಂದೊತ್ತಿ ಬಂದು ತಡೆಗೋಡೆ ಕುಸಿದ ಊರುಗಳಲ್ಲಿ ಬದುಕುವ ನಮಗೆ ಹವಾಮಾನದ ಹೊಡೆತದ ಮಾತು ತಕ್ಷಣ ಒಪ್ಪಿಗೆಯಾಗುತ್ತದೆ. ಆದರೆ ಇಂಧನ ದುಬಾರಿಯಾಗುವುದರ ಎಚ್ಚರಿಕೆಯನ್ನೂ ತಳ್ಳಿಹಾಕಬಾರದು. ಸಿಲಿಂಡರ್ ತುಂಬಿಸಲಾಗದ ಮನೆ ಕಾಡಿಗೆ ಹೋಗುತ್ತದೆ. ಆಗ ಕಾಡಿಗೂ ನಷ್ಟ, ಎದೆಗೂ ಹೊಗೆ. ಅಡುಗೆಯ ಹೊಗೆಯಿಂದ ಬರುವ ಕಾಯಿಲೆಯನ್ನು 'ಲೌದಾತೊ ಸಿ' ತನ್ನ 20ನೆಯ ಪರಿಚ್ಛೇದದಲ್ಲೇ ಹೆಸರಿಸಿದೆ. ಆದ್ದರಿಂದ ಸಮಿತಿಯ ಪ್ರತಿಯೊಂದು ತೀರ್ಮಾನಕ್ಕೂ ಎರಡು ಪ್ರಶ್ನೆಗಳನ್ನು ಹಾಕಬೇಕೆಂಬುದು ನನ್ನ ಸಲಹೆ: ಇದರಿಂದ ಬಡ ಮನೆಯ ಭಾರ ಇಳಿಯುತ್ತದೆಯೇ? ಇದರಿಂದ ಮರ, ನೀರು, ಗಾಳಿ ಉಳಿಯುತ್ತವೆಯೇ? ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೆ ಯೋಜನೆಯನ್ನು ಬದಲಿಸಬೇಕು.

ಮನೆಭೇಟಿ

ಜನವರಿಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲಕ್ಕೆ ಮೊದಲೇ, ಮನೆಭೇಟಿ ಆರಂಭಿಸಬೇಕು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಪದ್ಧತಿ ಈ ಕೆಲಸಕ್ಕೆ ಅತ್ಯಂತ ಯೋಗ್ಯವಾದುದು: ಇಬ್ಬರು ಒಟ್ಟಿಗೆ ಹೋಗುತ್ತಾರೆ, ಕುಳಿತು ಮಾತಾಡುತ್ತಾರೆ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು, ಏಕೆಂದರೆ ಒಲೆಯ ಲೆಕ್ಕ ಮನೆಯ ಗಂಡಸರಿಗೆ ಬಹುತೇಕ ಗೊತ್ತಿರುವುದಿಲ್ಲ. ಕ್ರೈಸ್ತರ ಮನೆಗಳಿಗೆ ಮಾತ್ರ ಹೋಗಬಾರದು. ಅದೇ ಕೇರಿಯ ಬೇರೆಯವರ ಮನೆಯ ಹೊಗೆಯೂ ಅದೇ ಗಾಳಿಗೆ ಸೇರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿಗಳಲ್ಲಿ ಕ್ರೈಸ್ತ, ಹಿಂದೂ, ಮುಸ್ಲಿಂ ಕುಟುಂಬಗಳು ಅಕ್ಕಪಕ್ಕದಲ್ಲೇ ಬದುಕುತ್ತಿರುವುದರಿಂದ ಅಲ್ಲಿ ಇದು ಇನ್ನೂ ಮುಖ್ಯ.

ಕೇಳಬೇಕಾದ ವಿಷಯಗಳು ಹೆಚ್ಚಿಲ್ಲ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಿಲಿಂಡರ್ ತಂದಿರಿ, ಯಾವ ತಿಂಗಳುಗಳಲ್ಲಿ ತರಲಾಗಲಿಲ್ಲ, ಕಟ್ಟಿಗೆ ಎಲ್ಲಿಂದ ಬರುತ್ತದೆ, ಕೊಳ್ಳುವುದಾದರೆ ಎಷ್ಟಕ್ಕೆ, ಆಯಲು ಹೋಗುವುದಾದರೆ ವಾರಕ್ಕೆ ಎಷ್ಟು ಹೊತ್ತು, ಸ್ನಾನದ ನೀರು ಹೇಗೆ ಕಾಯುತ್ತದೆ, ಮಳೆಗಾಲಕ್ಕೆ ಕಟ್ಟಿಗೆಯನ್ನು ಎಲ್ಲಿ ಇಡುತ್ತೀರಿ, ಕೆಮ್ಮು ದಮ್ಮು ಇರುವವರು ಯಾರು. ವಿದ್ಯುತ್ ಬಿಲ್ಲಿನ ಪ್ರತಿಯನ್ನು ನೋಡಿ ಯೂನಿಟ್ ಮಾತ್ರ ಬರೆದುಕೊಳ್ಳಬೇಕು. ಸ್ನಾನದ ನೀರಿನ ಪ್ರಶ್ನೆಯನ್ನು ಬಿಡಬಾರದು. ನಮ್ಮ ಕಡೆ ಬಚ್ಚಲ ಒಲೆ ಅಡುಗೆಯ ಒಲೆಯಷ್ಟೇ, ಕೆಲವು ಮನೆಗಳಲ್ಲಿ ಅದಕ್ಕಿಂತ ಹೆಚ್ಚು, ಕಟ್ಟಿಗೆ ತಿನ್ನುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಈ ಭೇಟಿಯನ್ನು ಮಾಡದೆಯೇ ಒಂದಷ್ಟು ಮನೆಗಳಿಗೆ ಸೌರ ಲಾಟೀನು ಹಂಚಿದೆವು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚಿನವು ಉಪ್ಪುಗಾಳಿಗೆ ತುಕ್ಕು ಹಿಡಿದು ಮೂಲೆ ಸೇರಿದ್ದವು. ರಿಪೇರಿಗೆ ಯಾರ ಬಳಿ ಹೋಗಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಆ ಮನೆಗಳಲ್ಲಿ ವಿದ್ಯುತ್ ಸಂಪರ್ಕ ಮೊದಲೇ ಇತ್ತು. ಅವರಿಗೆ ಬೇಕಾಗಿದ್ದುದು ಮಳೆಗಾಲದ ಅಡುಗೆಗೆ ಇಂಧನ. ಕೊಟ್ಟವರ ಮನಸ್ಸಿಗೆ ನೋವಾಗಬಾರದೆಂದು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಹಕ್ಕಿನಿಂದ ಬರಬೇಕಾದುದನ್ನು ಕೊಡಿಸುವುದು

ಚರ್ಚಿನ ಹಣವನ್ನು ಮುಟ್ಟುವ ಮೊದಲು, ಸರ್ಕಾರದಿಂದ ಆ ಮನೆಗೆ ಬರಬೇಕಾದುದು ಬರುತ್ತಿದೆಯೇ ಎಂದು ನೋಡಬೇಕು. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. ಪ್ರತಿ ಮನೆಗೂ 200 ಯೂನಿಟ್ ಉಚಿತವೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಆ ಮನೆಯ 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಉಚಿತ ಮಿತಿಯನ್ನು ನಿಗದಿ ಮಾಡಲಾಯಿತು; ಬಳಿಕ ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿಯಾಯಿತು. ಅಂದರೆ ಅಂದು 30 ಯೂನಿಟ್ ಬಳಸುತ್ತಿದ್ದ ಬಡ ಮನೆಗೆ ಸಿಗುವ ಮಿತಿ 40. ಮಿತಿ ದಾಟಿದ ಯೂನಿಟ್‌ಗಳಿಗೆ ಹಣ ಕೊಡಬೇಕು, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಬಾಡಿಗೆದಾರರಿಗೂ ಈ ಸೌಲಭ್ಯವಿದೆ. ಮನೆ ಬದಲಿಸಿದವರು ಹಳೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿ ಹೊಸದಕ್ಕೆ ನೋಂದಾಯಿಸಬೇಕು. ಇದನ್ನು ಮಾಡದೆ ಬಿಲ್ಲು ಕಟ್ಟುತ್ತಿರುವ ಬಾಡಿಗೆ ಮನೆಯವರು ನಿಮ್ಮ ಭೇಟಿಯಲ್ಲಿ ಖಂಡಿತ ಸಿಗುತ್ತಾರೆ. ಸೇವಾಸಿಂಧುವಿನಲ್ಲಿ ಅರ್ಜಿ ತುಂಬಲು ಯುವಕರಿಬ್ಬರು ಭಾನುವಾರದ ಬಲಿಪೂಜೆಯ ನಂತರ ಒಂದು ಗಂಟೆ ಕುಳಿತರೆ ಸಾಕು.

ಮಿತಿಯ ಅಂಚಿನಲ್ಲಿರುವ ಮನೆಗೆ ಬಲ್ಬಿನ ಲೆಕ್ಕ ಉಪಯೋಗಕ್ಕೆ ಬರುತ್ತದೆ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಬೆಳಕಿನ 9 ವ್ಯಾಟಿನ ಎಲ್‌ಇಡಿ ಒಂದೂವರೆ ಯೂನಿಟನ್ನೂ ಮುಟ್ಟುವುದಿಲ್ಲ. ಮೂರು ಬಲ್ಬು ಬದಲಿಸಿದರೆ ಸುಮಾರು 23 ಯೂನಿಟ್ ಉಳಿಯುತ್ತದೆ. 40 ಯೂನಿಟ್ ಮಿತಿಯ ಮನೆಗೆ ಅದು ಅರ್ಧಕ್ಕಿಂತ ಹೆಚ್ಚು. 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ದಿನಕ್ಕೆ ಒಂದು ಗಂಟೆ ಬಳಸಿದರೆ ತಿಂಗಳಿಗೆ 45 ಯೂನಿಟ್ ಆಗುತ್ತದೆಂಬುದನ್ನೂ ತಿಳಿಸಬೇಕು.

ಅಡುಗೆ ಅನಿಲದ ವಿಷಯ ಇದಕ್ಕಿಂತ ಕಠಿಣ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿಗೆ ಠೇವಣಿಯಿಲ್ಲದೆ ಸಂಪರ್ಕ ಸಿಗುತ್ತದೆ. 2021ರ ಎರಡನೆಯ ಹಂತದಿಂದ, ಕೆಲಸಕ್ಕಾಗಿ ವಲಸೆ ಬಂದವರು ವಿಳಾಸಕ್ಕೂ ಕುಟುಂಬದ ವಿವರಕ್ಕೂ ಸ್ವಯಂ ಘೋಷಣೆ ಕೊಡಬಹುದು. 14.2 ಕಿಲೋ ಸಿಲಿಂಡರಿನ ಬದಲು 5 ಕಿಲೋ ಸಿಲಿಂಡರನ್ನೂ ಕೇಳಿ ಪಡೆಯಬಹುದು, ದಿನಗೂಲಿಯ ಮನೆಗೆ ಅದೇ ಅನುಕೂಲ. ತೊಡಕಿರುವುದು ಮರುತುಂಬುವಿಕೆಯಲ್ಲಿ. ಸಹಾಯಧನ ಬ್ಯಾಂಕ್ ಖಾತೆಗೆ ನಂತರ ಬರುತ್ತದೆ, ಪೂರ್ತಿ ಬೆಲೆಯನ್ನು ಮಾತ್ರ ಬಾಗಿಲಲ್ಲೇ ಕೊಡಬೇಕು. ಒಲೆಯ ಪಕ್ಕದಲ್ಲಿ ಖಾಲಿ ಸಿಲಿಂಡರ್ ಬಟ್ಟೆ ಹೊದ್ದು ಕೂತಿರುವುದಕ್ಕೆ ಹೆಚ್ಚಿನ ಕಡೆ ಇದೇ ಕಾರಣ.

ಮಳೆಗಾಲದ ನಿಧಿ

ಈ ಕೆಲಸದ ಹೃದಯಭಾಗ ಇಲ್ಲಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲವಾದ್ದರಿಂದ ಸೃಷ್ಟಿಪಾಲನೆಯ ದೃಷ್ಟಿಯಿಂದ ಅದು ಸರಿಯಾದ ನಿಯಮ. ಹೊಲಕ್ಕೆ ವಿಶ್ರಾಂತಿ ಕೊಡಬೇಕೆಂಬ ಯಾಜಕಕಾಂಡದ ಆಜ್ಞೆಯನ್ನು ಕಡಲಿಗೂ ಅನ್ವಯಿಸಿದಂತಿದೆ. ಆದರೆ ಬೋಟಿನ ಕೂಲಿಯವನಿಗೆ ಆ ಎರಡು ತಿಂಗಳು ಸಂಪಾದನೆಯಿಲ್ಲ, ಮೀನು ಮಾರುವ ಅವನ ಹೆಂಡತಿಗೂ ವ್ಯಾಪಾರವಿಲ್ಲ. ಕಟ್ಟಿಗೆ ಒದ್ದೆಯಾಗಿರುವುದೂ ಆಗಲೇ. ಕಡಲಿನ ವಿಶ್ರಾಂತಿಯ ಬೆಲೆಯನ್ನು ಅತ್ಯಂತ ಬಡ ಮನೆಯೇ ತೆರುತ್ತಿದೆ ಎಂದಾದ ಮೇಲೆ, ಆ ಬೆಲೆಯಲ್ಲಿ ಪಾಲು ತೆಗೆದುಕೊಳ್ಳುವುದು ಉಳಿದ ನಮ್ಮೆಲ್ಲರ ಕರ್ತವ್ಯ.

ಆದ್ದರಿಂದ ತಪಸ್ಸುಕಾಲದ ಕಾಣಿಕೆಯ ಒಂದು ಭಾಗವನ್ನು ಸುತ್ತುನಿಧಿಯಾಗಿ ತೆಗೆದಿಡಬೇಕು. ಸಿಲಿಂಡರಿನ ಬೆಲೆ 900 ರೂಪಾಯಿ ಎಂದಿಟ್ಟುಕೊಂಡರೆ 20 ಮನೆಗಳಿಗೆ 18,000 ರೂಪಾಯಿ ಸಾಕು. ಮೇ ಕೊನೆಯ ವಾರದಲ್ಲಿ ಪ್ರತಿ ಮನೆಗೂ ಒಂದು ತುಂಬಿದ ಸಿಲಿಂಡರ್ ತಲುಪಬೇಕು. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ವಾರಕ್ಕೆ 50 ಅಥವಾ 100 ರೂಪಾಯಿಯಂತೆ ಹಿಂತಿರುಗಿಸುತ್ತಾರೆ, ಬಡ್ಡಿ ಬೇಡ. ಸಾಲದ ಶಿಷ್ಟಾಚಾರವನ್ನು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಿಂದಲೇ ಕಲಿಯಬೇಕು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಏಕೆಂದರೆ ಅದು ಒಬ್ಬರ ಜೀವನವನ್ನೇ ಒತ್ತೆ ಇಟ್ಟುಕೊಂಡಂತೆ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು ಎಂದು ಅಲ್ಲಿದೆ. ಇಂದಿನ ಬೀಸುವ ಕಲ್ಲು ಸಿಲಿಂಡರ್, ಒಲೆ, ಪಡಿತರ ಚೀಟಿ ಮತ್ತು ಗ್ಯಾಸ್ ಪುಸ್ತಕ. ಕಂತು ತಪ್ಪಿತೆಂದು ಅವುಗಳಲ್ಲಿ ಯಾವುದನ್ನೂ ಮುಟ್ಟಬಾರದು, ಬಾಕಿದಾರರ ಹೆಸರನ್ನು ಚರ್ಚಿನ ಫಲಕದಲ್ಲಿ ಹಾಕಬಾರದು. ನಿಧಿಯಲ್ಲಿ ಐದರಲ್ಲಿ ಒಂದು ಪಾಲು ಹಿಂತಿರುಗದೆ ಹೋಗಬಹುದೆಂದು ಮೊದಲೇ ಎಣಿಸಿ, ಅದನ್ನು ದಾನವೆಂದು ಬರೆದುಕೊಳ್ಳುವುದು ಒಳ್ಳೆಯದು.

ಕಟ್ಟಿಗೆಯನ್ನು ಕಡಿಮೆ ಸುಡುವ ಉಪಾಯಗಳು

ಮೂರು ಕಲ್ಲಿನ ತೆರೆದ ಒಲೆಯಲ್ಲಿ ಉರಿಯುವ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು, ಚೆನ್ನಾಗಿ ಉರಿಸಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು, ಪಾತ್ರೆಗೆ ತಲುಪುತ್ತದೆ. ಗ್ಯಾಸ್ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಸ್ಥೂಲ ಲೆಕ್ಕದಲ್ಲಿ 14.2 ಕಿಲೋ ಸಿಲಿಂಡರ್ ಮಾಡುವ ಅಡುಗೆಗೆ ತೆರೆದ ಒಲೆಯಲ್ಲಿ ಸುಮಾರು 200 ಕಿಲೋ ಒಣ ಕಟ್ಟಿಗೆ ಬೇಕು, ಅಂದರೆ ಎಂಟು ಹತ್ತು ತಲೆಹೊರೆ. ಪೂರ್ತಿ ಗ್ಯಾಸಿಗೆ ಬರಲಾಗದ ಮನೆಗಳು ಇನ್ನೂ ಹಲವು ವರ್ಷ ಇರುತ್ತವೆ. ಅವರಿಗೆ ಕಟ್ಟಿಗೆ ಸುಡಬೇಡಿ ಎಂದು ಉಪದೇಶಿಸುವುದು ಅನ್ಯಾಯ. ಕಡಿಮೆ ಸುಡುವ ದಾರಿ ತೋರಿಸಬೇಕು.

ಮೊದಲನೆಯದು ಒಣಗಿಸುವುದು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಒಲೆಯ ಶಾಖ ಮೊದಲು ಆ ನೀರನ್ನು ಆವಿ ಮಾಡುವುದರಲ್ಲಿ ವ್ಯರ್ಥವಾಗುತ್ತದೆ, ಹೊಗೆಯೂ ಅದರಿಂದಲೇ. ಏಪ್ರಿಲ್ ತಿಂಗಳಲ್ಲಿ ಯುವಕರು ನಾಲ್ಕು ಶನಿವಾರ ಕೊಟ್ಟು, ಮುದುಕರಿರುವ ಮನೆಗಳಲ್ಲಿ ತೆಂಗಿನ ಮಟ್ಟೆ, ಸಿಪ್ಪೆ, ಕರಟ, ಅಡಿಕೆ ಹಾಳೆಗಳನ್ನು ಕೂಡಿಹಾಕಿ, ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯ ಮೇಲೆ ತಗಡು ಹೊದಿಸಿ ಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆಯಿಲ್ಲ. ಕಾಳಿ ನದಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಮರಗಳನ್ನು ಮಾತ್ರ ಯಾರೂ ಕಟ್ಟಿಗೆಗೆ ಕಡಿಯಬಾರದೆಂದು ಸ್ಪಷ್ಟವಾಗಿ ಹೇಳಬೇಕು. ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುವುದು ಅವುಗಳ ಬೇರಿನ ನಡುವೆಯೇ.

ಎರಡನೆಯದು ಕುಚ್ಚಲಕ್ಕಿ. ನಮ್ಮ ಗಂಜಿಯ ಅಕ್ಕಿ ಬೇಯಲು ಬಹಳ ಹೊತ್ತು ಬೇಕು, ಬಡ ಮನೆಯ ಅಡುಗೆಯ ಉರಿಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಒಣಹುಲ್ಲು ಅಥವಾ ಹಳೆಯ ಕಂಬಳಿ ತುಂಬಿದ ಬುಟ್ಟಿಯಲ್ಲಿ ಇಳಿಸಿ, ಮೇಲಿನಿಂದಲೂ ದಪ್ಪಗೆ ಮುಚ್ಚಿಟ್ಟರೆ, ಒಂದೂವರೆ ಗಂಟೆಯಲ್ಲಿ ತನ್ನ ಶಾಖದಲ್ಲೇ ಬೇಯುತ್ತದೆ. ತುಂಬ ಸಣ್ಣ ಪಾತ್ರೆಯಲ್ಲಿ ಇದು ಆಗುವುದಿಲ್ಲ, ಬೇಗ ಆರಿಬಿಡುತ್ತದೆ. ಮಹಿಳಾ ಸಂಘಟನೆಯವರು ಚರ್ಚಿನ ಅಂಗಳದಲ್ಲಿ ಒಮ್ಮೆ ಮಾಡಿ ತೋರಿಸಿ, ಅದೇ ಗಂಜಿಯನ್ನು ಎಲ್ಲರಿಗೂ ಬಡಿಸಿದರೆ ನಂಬಿಕೆ ಬರುತ್ತದೆ.

ಒಲೆ ಬದಲಿಸುವುದಾದರೆ ಹೊಗೆಕೊಳವೆಯಿರುವುದನ್ನೇ ಕಟ್ಟಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಕಟ್ಟಬಲ್ಲವರು ರಾಜ್ಯದ ಹಲವೆಡೆ ಇದ್ದಾರೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ ತಿರುಗುತ್ತದೆ, ಆದ್ದರಿಂದ ಒಲೆ ಕೊಡುವವರು ಮಸಿ ತೆಗೆಯುವ ಕುಂಚವನ್ನೂ ಕೊಡಬೇಕು. ಗೋಬರ್ ಗ್ಯಾಸಿನ ವಿಷಯದಲ್ಲಿ ಶಿರಸಿ, ಸಿದ್ದಾಪುರದ ತೋಟಿಗರ ಮನೆಗಳು ದೊಡ್ಡ ಮಾದರಿ. ಆದರೆ 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ದನವಿಲ್ಲದ ಕೂಲಿಯವರ ಮನೆಗೆ ಅದು ಒದಗುವುದಿಲ್ಲ. ಘಟ್ಟದ ಮೇಲಿನ ಅರಣ್ಯವಾಸಿಗಳಿಗೆ ಬೇರೊಂದು ಮಾಹಿತಿ ಬೇಕು: 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳಲ್ಲಿ ಬಿದಿರು, ಬೆತ್ತ, ಜೇನಿನ ಜೊತೆಗೆ ಕುರುಚಲು ಕಟ್ಟಿಗೆ ಮತ್ತು ಬೊಡ್ಡೆಗಳನ್ನೂ ಸೇರಿಸಿದೆ. ಹಕ್ಕು ಮಾನ್ಯವಾದ ಕುಟುಂಬ ಬಿದ್ದ ಕಟ್ಟಿಗೆ ತರುವಾಗ ಹೆದರಿ ಓಡಬೇಕಾಗಿಲ್ಲ.

ಚರ್ಚಿನ ಕಟ್ಟಡ

ಸೆಪ್ಟೆಂಬರ್ 1ರಿಂದ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲದಲ್ಲಿ ಚರ್ಚು ತನ್ನದೇ ಲೆಕ್ಕ ನೋಡಿಕೊಳ್ಳಬೇಕು. ಕನ್ಯಾಮರಿಯಮ್ಮನವರ ಜನನದ ಹಬ್ಬ, ಹೊಸ ತೆನೆಯ ಆಶೀರ್ವಾದ, ಸೆಪ್ಟೆಂಬರ್ 8ಕ್ಕೆ ಬರುವುದರಿಂದ ಕಾಲ ತಾನಾಗಿ ಕೂಡಿಬರುತ್ತದೆ. ಕಳೆದ 12 ತಿಂಗಳ ಹೆಸ್ಕಾಂ ವಿದ್ಯುತ್ ಬಿಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿ. ಮಂಜೂರಾದ ಲೋಡು ನಿಜವಾದ ಬಳಕೆಗಿಂತ ಬಹಳ ಹೆಚ್ಚಿದ್ದರೆ ಪ್ರತಿ ತಿಂಗಳೂ ನಿಗದಿತ ಶುಲ್ಕ ವ್ಯರ್ಥವಾಗುತ್ತಿದೆ, ಅದನ್ನು ಇಳಿಸಲು ಅರ್ಜಿ ಕೊಡಬಹುದು. ಹಬ್ಬದ ದೀಪಾಲಂಕಾರವನ್ನು ಒಂದು ರಾತ್ರಿಗೆ ಮಿತಗೊಳಿಸಿ ಉಳಿದ ಹಣವನ್ನು ಮಳೆಗಾಲದ ನಿಧಿಗೆ ಹಾಕುವ ತೀರ್ಮಾನವನ್ನು ಪಾಲನಾ ಸಮಿತಿ ಬಹಿರಂಗವಾಗಿ ಪ್ರಕಟಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸೌರ ಫಲಕದ ಮಾತು ಇದರ ನಂತರ. 2024ರ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆ ಮೀಸಲು: 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ. ಚರ್ಚಿನ ಸಭಾಭವನಕ್ಕೆ ಅದು ಸಿಗುವುದಿಲ್ಲವಾದ್ದರಿಂದ ಪೂರ್ತಿ ವೆಚ್ಚವನ್ನು ಲೆಕ್ಕಹಾಕಿಯೇ ಮುಂದುವರಿಯಬೇಕು. ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ನಮ್ಮ ಆಷಾಢದ ಮಳೆಯಲ್ಲಿ ಅರ್ಧಕ್ಕೂ ಇಳಿಯುತ್ತದೆ. ಮಂಗಳೂರು ಹಂಚಿನ ಮಾಡಿನ ಮೇಲೆ ನೇರವಾಗಿ ಕೂರಿಸದೆ ಬೇರೆ ಚೌಕಟ್ಟು ಮಾಡಿಸಬೇಕು. ಚೌಕಟ್ಟು ಅಲ್ಯುಮಿನಿಯಂ ಅಥವಾ ಸತು ಲೇಪಿತ ಉಕ್ಕಿನದಾಗಿರಲಿ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವು. ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಕೆಲವೇ ಮಳೆಗಾಲಗಳಲ್ಲಿ ಕರಗಿಹೋಗುತ್ತದೆ. ಮೇ ತಿಂಗಳ ಗುಡುಗು ಮಳೆಗೆ ಮುನ್ನ ಪ್ರತಿ ವರ್ಷ ಅರ್ತಿಂಗ್ ಪರೀಕ್ಷಿಸಬೇಕು.

ಈ ಜಿಲ್ಲೆಯಲ್ಲಿ ಇಂಧನದ ಬಗ್ಗೆ ಪ್ರಾರ್ಥಿಸುವವರು ಇನ್ನೊಂದು ವಿಷಯವನ್ನು ಮರೆಯಬಾರದು. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಶರಾವತಿಯ ಮೇಲೆ ಗೇರುಸೊಪ್ಪೆಯಿದೆ. ಹಳೆಯ ಸೂಪಾ ಊರು ನೀರಿನಡಿಯಲ್ಲಿದೆ, ಅಲ್ಲಿಯ ಜನ ರಾಮನಗರದಲ್ಲಿ ನೆಲೆ ಕಂಡುಕೊಂಡರು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ಬಿಲ್ಲು ಕಟ್ಟಲಾಗದೆ ಕತ್ತಲಲ್ಲಿ ಕೂರುವಂತಾಗಬಾರದು. ಸೃಷ್ಟಿಯ ಕಾಲದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರ ಊರುಗಳ ಹೆಸರನ್ನು ಓದಬೇಕು, ಮನೆಭೇಟಿಯ ಪಟ್ಟಿಯಲ್ಲಿ ಅವರ ಕೇರಿಗಳು ಮೊದಲಿರಬೇಕು.

ಲೆಕ್ಕಪುಸ್ತಕ ಒಂದೇ ಇರಲಿ. ಅದರಲ್ಲಿ ನಿಧಿಯ ಜಮಾಖರ್ಚು ಒಂದು ಕಡೆ, ಮನೆಯವರ ಹೆಸರಿಲ್ಲದೆ ಒಂದು ಸಂಖ್ಯೆಯನ್ನಷ್ಟೇ ಹಾಕಿ ಪ್ರತಿ ಮನೆಯ ಸಿಲಿಂಡರ್, ಯೂನಿಟ್, ಕಟ್ಟಿಗೆಯ ಹೊರೆ ಇನ್ನೊಂದು ಕಡೆ. ಮುಂದಿನ ಜನವರಿಯಲ್ಲಿ ಅದೇ ಇಬ್ಬರು ಅದೇ ಮನೆಗಳಿಗೆ ಹೋಗಿ ಕುಳಿತು ಮೊದಲು ಕೇಳಬೇಕಾದುದು, ಕಳೆದ ಜೂನ್ ಜುಲೈಯಲ್ಲಿ ಎಷ್ಟು ದಿನ ಒದ್ದೆ ಕಟ್ಟಿಗೆ ಊದಬೇಕಾಯಿತು ಎಂದು.